ಆರು ಪ್ರತಿ, ತೊಂಬತ್ತು ದಿನ: ಕೆಲಸದ ಜಾಗದ ಕಿರುಕುಳದ ಬಗ್ಗೆ ದೂರು ಕೊಟ್ಟ ಅನುಭವ

ಹೋದ ತಿಂಗಳು ನನ್ನ ದೂರಿನ ಮೇಲೆ ಆಡಳಿತ ಮಂಡಳಿಯ ಆದೇಶ ಬಂತು. ದೂರು ಕೊಡುವ ಮುಂಚೆ ಕನ್ನಡದಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದೆಲ್ಲ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಸಾರಾಂಶ. "ನೊಂದ ಮಹಿಳೆ ಸಮಿತಿಗೆ ಲಿಖಿತ ದೂರು ಸಲ್ಲಿಸಬಹುದು" ಅಂತ ಎಲ್ಲ ಕಡೆ ಇತ್ತು. ಇಂಥ ದೂರು ವಿಚಾರಿಸಲು ಸಂಸ್ಥೆಯಲ್ಲೇ ಇರಬೇಕಾದ ಆ ಸಮಿತಿಯವರು ಎಲ್ಲಿ ಕೂತಿರುತ್ತಾರೆ, ಕಾಗದ ತಗೊಳ್ಳಲ್ಲ ಅಂದರೆ ಏನು ಮಾಡಬೇಕು, ನಡುವಿನ ತಿಂಗಳುಗಳಲ್ಲಿ ಅದೇ ಮನುಷ್ಯನ ಕೈಕೆಳಗೆ ಹೇಗೆ ಕೆಲಸ ಮಾಡಬೇಕು, ಇದನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೆಸರು, ಊರು ಯಾವುದೂ ಇಲ್ಲಿ ಸಿಗುವುದಿಲ್ಲ. 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರು ಕೊಟ್ಟವಳು ಯಾರು, ಯಾರ ಮೇಲೆ, ಸಾಕ್ಷಿ ಯಾರು, ವಿಚಾರಣೆಯಲ್ಲಿ ಏನು ನಡೆಯಿತು ಎಂಬುದನ್ನು ಪ್ರಕಟಿಸುವಂತಿಲ್ಲ. ಯಾರ ಗುರುತೂ ಸಿಗದ ಹಾಗೆ, ಸಿಕ್ಕ ನ್ಯಾಯದ ಬಗ್ಗೆ ಹೇಳಲು ಮಾತ್ರ ಅವಕಾಶವಿದೆ. ಹಾಗಾಗಿ ಹುದ್ದೆ, ತಿಂಗಳು, ಆಡಿದ ಮಾತು, ಎಲ್ಲದರಲ್ಲೂ ಅಷ್ಟಿಷ್ಟು ಬದಲಿಸಿದ್ದೇನೆ. ನಾನು ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಇದ್ದೇನೆ ಅಂದುಕೊಳ್ಳಿ. ಕಿರುಕುಳ ಕೊಟ್ಟವರು ನಮ್ಮ ವಿಭಾಗದ ಮ್ಯಾನೇಜರ್ ಅಂದುಕೊಳ್ಳಿ.

ಶುರುವಾಗಿದ್ದು ರಾಜ್ಯೋತ್ಸವದ ದಿನ. ಎಲ್ಲರೂ ಸೀರೆ ಉಟ್ಟು ಬಂದಿದ್ದೆವು. ನನ್ನ ಬಗ್ಗೆ ಒಂದು ಮಾತು ಅಂದರು, ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ಆಮೇಲೆ ಕಂಪ್ಯೂಟರಿನಲ್ಲಿ ಬಿಲ್ ತೋರಿಸುವ ನೆವದಲ್ಲಿ ಕುರ್ಚಿಯ ಹಿಂದೆ ನಿಲ್ಲುವುದು, ಕುರ್ಚಿಯ ಮೇಲಿಟ್ಟ ಕೈ ಕತ್ತಿಗೆ ತಾಗುವುದು. ರಾತ್ರಿ ಹನ್ನೊಂದಕ್ಕೆ "ಮಲಗಿದ್ರಾ?" ಅಂತ ವಾಟ್ಸಾಪ್. ಅಪ್ರೈಸಲ್ ಹತ್ತಿರ ಬಂದಾಗ, "ನೀವು ಸ್ವಲ್ಪ ಫ್ರೀಯಾಗಿದ್ರೆ ನಾನೂ ಫ್ರೀಯಾಗಿ ಮಾರ್ಕ್ಸ್ ಹಾಕ್ತೀನಿ." ನಾನು ಉತ್ತರ ಕೊಡುವುದನ್ನು ನಿಲ್ಲಿಸಿದ ಮೇಲೆ ಡ್ಯೂಟಿ ಚಾರ್ಟಿನಲ್ಲಿ ನನ್ನ ಹೆಸರು ರಾತ್ರಿ ಪಾಳಿಗೆ ಮತ್ತೆ ಮತ್ತೆ ಬೀಳತೊಡಗಿತು.

ಇಷ್ಟಾದರೂ ಇದು "ಲೈಂಗಿಕ ಕಿರುಕುಳ" ಎನ್ನುವ ದೊಡ್ಡ ಹೆಸರಿಗೆ ಸೇರುತ್ತದೆ ಅಂತ ನನಗೆ ತೋಚಿರಲಿಲ್ಲ. ಕೋಲ್ಕತ್ತದ ವೈದ್ಯೆಯ ಕೊಲೆಯಾದ ಮೇಲೆ, 2024ರಲ್ಲಿ, ನಮ್ಮ ಆಸ್ಪತ್ರೆಯಲ್ಲೂ ಮಹಿಳಾ ಸುರಕ್ಷತೆಯ ಬಗ್ಗೆ ಒಂದು ಭಾಷಣ ಆಗಿತ್ತು. ಕತ್ತಲೆ ಕಾರಿಡಾರು, ಸಿಸಿಟಿವಿ, ಹೊರಗಿನಿಂದ ನುಗ್ಗುವವರು, ಇದೇ ಮಾತು. ಮೇಲಧಿಕಾರಿಯ ಮೆಸೇಜಿನ ಬಗ್ಗೆ ಯಾರೂ ಹೇಳಲಿಲ್ಲ. ಆ ಭಾಷಣದ ವಂದನಾರ್ಪಣೆ ಮಾಡಿದ್ದೇ ನಮ್ಮ ಮ್ಯಾನೇಜರ್.

ಕಾಯ್ದೆಯ ಎರಡನೇ ಸೆಕ್ಷನ್ ಓದಿದ ದಿನ ನನಗೆ ಸ್ಪಷ್ಟವಾಯಿತು. ಅಲ್ಲಿ ಐದು ಬಗೆ ಹೇಳಿದ್ದಾರೆ: ಮೈ ಮುಟ್ಟುವುದು ಅಥವಾ ಅಂಥ ಪ್ರಯತ್ನ, ಲೈಂಗಿಕ ಅನುಕೂಲ ಕೇಳುವುದು, ಲೈಂಗಿಕ ಧಾಟಿಯ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಮತ್ತು ಇದೇ ಸ್ವಭಾವದ ಬೇರೆ ಯಾವುದೇ ವರ್ತನೆ, ಮಾತಿನದಾಗಲಿ ಸನ್ನೆಯದಾಗಲಿ. ಅದು ಆ ಹೆಂಗಸಿಗೆ ಬೇಡವಾಗಿರಬೇಕು, ಅಷ್ಟೆ. ಮೂರನೇ ಸೆಕ್ಷನ್ ನನ್ನ ಕಥೆಯನ್ನೇ ನೋಡಿ ಬರೆದಂತಿತ್ತು. ಒಪ್ಪಿದರೆ ಅನುಕೂಲದ ಆಸೆ, ಒಪ್ಪದಿದ್ದರೆ ತೊಂದರೆಯ ಬೆದರಿಕೆ, ಕೆಲಸದ ವಾತಾವರಣವನ್ನೇ ಕೆಡಿಸುವುದು, ಇವೆಲ್ಲ ಅಲ್ಲಿವೆ. ಅಂದರೆ ನೈಟ್ ಡ್ಯೂಟಿಯ ಶಿಕ್ಷೆ ಬೇರೆ ವಿಷಯವಲ್ಲ, ಅದೂ ಇದರ ಭಾಗವೇ.

ಎಲ್ಲ ಕಿರುಕುಳವೂ ಈ ಕಾಯ್ದೆಯೊಳಗೆ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಇದೇ ಮ್ಯಾನೇಜರ್ ನಮ್ಮ ಕ್ಯಾಷಿಯರ್ ಹುಡುಗನಿಗೆ ಪೇಷೆಂಟುಗಳ ಎದುರೇ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅದು ಅನ್ಯಾಯವೇ, ಆದರೆ ಅವನು ಈ ಸಮಿತಿಗೆ ಹೋಗುವಂತಿಲ್ಲ. ಈ ಕಾಯ್ದೆಯಲ್ಲಿ ದೂರು ಕೊಡುವವರು ಹೆಂಗಸರೇ ಆಗಿರಬೇಕು, ವಿಷಯವೂ ಲೈಂಗಿಕ ಸ್ವರೂಪದ್ದಾಗಿರಬೇಕು. ಇನ್ನೊಂದು ಕಡೆ ಕಾಯ್ದೆ ನಾವು ಅಂದುಕೊಂಡದ್ದಕ್ಕಿಂತ ಅಗಲ. ಏಜೆನ್ಸಿ ಮೂಲಕ ಬರುವ ಆಯಾಗಳು, ಟ್ರೈನಿಗಳು, ದಿನಗೂಲಿಯವರು, ಮನೆಕೆಲಸದವರು ಎಲ್ಲರೂ ಅದರಲ್ಲಿ ಬರುತ್ತಾರೆ. ಸಂಸ್ಥೆ ಕೊಟ್ಟ ಕ್ಯಾಬು, ಕೆಲಸದ ಮೇಲೆ ಹೋದ ಬೇರೆ ಊರು ಕೂಡ ಕೆಲಸದ ಜಾಗವೇ.

ಮನೆಯಲ್ಲಿ ಹೇಳಿದಾಗ ನಮ್ಮವರು ಮೊದಲು ಅಂದದ್ದು, "ಬಿಟ್ಟುಬಿಡು ಆ ಕೆಲಸ, ಬೇರೆ ನೋಡಿದರಾಯ್ತು." ಪ್ರೀತಿಯಿಂದಲೇ ಅಂದರು. ಮನೆ ಸಾಲದ ಕಂತಿಗೆ ನನ್ನ ಸಂಬಳ ಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ನನ್ನ ತಮ್ಮ ಇನ್ನೂ ಮುಂದೆ ಹೋದ: "ಅಕ್ಕ, ನಾನು ಹೋಗಿ ಒಂದು ಮಾತು ಕೇಳ್ಕೊಂಡ್ ಬರ್ಲಾ?" ಅವನ "ಒಂದು ಮಾತು" ಎಂಥದ್ದು ಅಂತ ನಮ್ಮ ಕೇರಿಗೇ ಗೊತ್ತು. ಆಣೆ ಹಾಕಿಸಿ ಕೂರಿಸಿದೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ ಮೊದಲು ಅವರನ್ನು ಹಿಡಿದಿಡಿ. ಮ್ಯಾನೇಜರಿಗೆ ಒಂದು ಏಟು ಬಿದ್ದರೆ ಮಾರನೇ ದಿನದಿಂದ ನೊಂದವರು ಅವರಾಗುತ್ತಾರೆ.

ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಲಹೆ ಉಚಿತ. ನನಗೆ ಆದಾಯ ಪ್ರಮಾಣಪತ್ರ ತನ್ನಿ ಅಂತ ಹೊರಗೆ ಒಬ್ಬರು ಹೇಳಿದರು. ಒಳಗೆ ಹೋದಾಗ ಅದು ಬೇಕಿರಲಿಲ್ಲ. ಆಧಾರ್ ಮತ್ತು ಒಂದು ಅರ್ಜಿ ಸಾಕಾಯಿತು. 15100ಕ್ಕೆ ಫೋನ್ ಮಾಡಿದರೂ ಮಾಹಿತಿ ಕೊಡುತ್ತಾರೆ. ಅಲ್ಲಿ ಸಿಕ್ಕ ವಕೀಲೆ ಮೇಡಂ ನನ್ನಷ್ಟೇ ವಯಸ್ಸಿನವರು. ನಾನು ಅಳುವುದನ್ನು ನಿಲ್ಲಿಸುವವರೆಗೆ ಕಾದು, ಮೊದಲು ಕೇಳಿದ ಪ್ರಶ್ನೆ: "ಕೊನೆಯ ಘಟನೆ ಯಾವ ತಾರೀಖು?"

ಯಾಕೆಂದರೆ ದೂರಿಗೆ ಮೂರು ತಿಂಗಳ ಗಡುವಿದೆ. ಘಟನೆ ನಡೆದ ದಿನದಿಂದ ಮೂರು ತಿಂಗಳು. ಒಂದರ ಹಿಂದೆ ಒಂದು ನಡೆದಿದ್ದರೆ ಕೊನೆಯದರಿಂದ ಮೂರು ತಿಂಗಳು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳು ಕೊಡಬಹುದು. ನನ್ನ ಮೊದಲ ಘಟನೆಗಳು ಹಳೆಯವಾಗಿದ್ದವು, ಕೊನೆಯದು ಗಡುವಿನೊಳಗಿತ್ತು. "ಎಲ್ಲವನ್ನೂ ಒಂದೇ ಸರಣಿ ಅಂತ ಬರೆಯಿರಿ, ಬಿಡಿಬಿಡಿಯಾಗಿ ಬೇಡ" ಅಂದರು. ಭಂವರಿ ದೇವಿಯ ಹೆಸರನ್ನು ನಾನು ಮೊದಲು ಕೇಳಿದ್ದೂ ಅವರ ಬಾಯಲ್ಲೇ. ರಾಜಸ್ಥಾನದಲ್ಲಿ ಸರ್ಕಾರದ ಯೋಜನೆಯೊಂದರಲ್ಲಿ 'ಸಾಥಿನ್', ಅಂದರೆ ಹಳ್ಳಿಯ ಕಾರ್ಯಕರ್ತೆ, ಆಗಿದ್ದ ಹೆಂಗಸು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೋರಾಡಿ 1997ರಲ್ಲಿ ಸುಪ್ರೀಂ ಕೋರ್ಟಿನಿಂದ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿ ಬಂತು, ಅದು ಕಾಯ್ದೆಯಾಗಲು ಇನ್ನೂ ಹದಿನಾರು ವರ್ಷ ಹಿಡಿಯಿತು. "ಕೆಲಸಕ್ಕೆ ಹೋದವಳ ರಕ್ಷಣೆ ಕೆಲಸ ಕೊಟ್ಟವರ ಹೊಣೆ ಅಂತ ಕೋರ್ಟಿನ ಬಾಯಲ್ಲಿ ಬರಬೇಕಾದರೆ ಅಷ್ಟಾಗಬೇಕಾಯ್ತು ನೋಡಿ" ಅಂದರು ವಕೀಲೆ.

ತಾರೀಖುಗಳನ್ನು ಕೂಡಿಸುವ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಯಾರು ಡೈರಿ ಬರೆಯುತ್ತಾರೆ? ವಾಟ್ಸಾಪ್ ಇದ್ದವಕ್ಕೆ ತಾರೀಖು ಇತ್ತು. ಬಾಯಿಮಾತಿಗೆ, ಕುರ್ಚಿಯ ಹಿಂದೆ ನಿಂತದ್ದಕ್ಕೆ ಇರಲಿಲ್ಲ. ಹಳೆಯ ಡ್ಯೂಟಿ ಚಾರ್ಟಿನ ಫೋಟೋಗಳು ನಮ್ಮ ಗ್ರೂಪಿನಲ್ಲಿದ್ದವು, ಅವು ಉಪಯೋಗಕ್ಕೆ ಬಂದವು. ಒಂದು ಸಂಜೆ ಅವರು ಕಾರಿನಲ್ಲಿ ಬಿಡುತ್ತೇನೆ ಅಂತ ಒತ್ತಾಯಿಸಿದಾಗ ನಾನು ಓಡಿಹೋಗಿ ಆಟೋ ಹತ್ತಿದ್ದೆ. ಆಟೋದವನಿಗೆ ಫೋನ್‌ಪೇ ಮಾಡಿದ ದಾಖಲೆಯಲ್ಲಿ ದಿನ, ಗಂಟೆ, ನಿಮಿಷ ಎಲ್ಲ ಸಿಕ್ಕಿತು. ರಕ್ತದಾನ ಶಿಬಿರ, ಆಸ್ಪತ್ರೆಯ ಗುಣಮಟ್ಟದ ಎನ್‌ಎಬಿಎಚ್ ತಪಾಸಣೆ, ಗಣಪತಿ ಕೂರಿಸಿದ ದಿನ, ಹೀಗೆ ಯಾವುದಾದರೂ ಒಂದು ಗುರುತು ಹಿಡಿದು ಹೋದರೆ ನೆನಪು ತಾನಾಗಿ ಬರುತ್ತದೆ.

ಸ್ಕ್ರೀನ್‌ಶಾಟ್ ಬಗ್ಗೆ ಒಂದೆರಡು ಮಾತು. ನಮ್ಮ ಫೋನಿನಲ್ಲಿ ಹೆಸರು ಸೇವ್ ಆಗಿರುತ್ತದೆ, ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆ ಸಂಪರ್ಕವನ್ನು ತೆರೆದು ನಂಬರ್ ಕಾಣುವ ಚಿತ್ರವನ್ನೂ ಜೊತೆಗೆ ತೆಗೆಯಿರಿ. ಪೂರ್ತಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ. ನಮಗೆ ಮುಜುಗರ ತರುವ ನಮ್ಮದೇ ಉತ್ತರಗಳನ್ನು ಅಳಿಸಬೇಡಿ; ಎದುರಿನವರ ಫೋನಿನಲ್ಲಿ ಅವು ಇರುತ್ತವೆ. ಎಲ್ಲಾ ಮುಗಿಯುವವರೆಗೆ ಆ ಫೋನ್ ಮಾರಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಸಿಸಿಟಿವಿ ಇದ್ದರೆ ಆ ದಿನವೇ ಒಂದು ಇಮೇಲ್ ಹಾಕಿ, ಇಂಥ ದಿನದ ಇಂಥ ಹೊತ್ತಿನ ದೃಶ್ಯ ಉಳಿಸಿಡಿ ಅಂತ. ನಮ್ಮಲ್ಲಿ ಯಂತ್ರ ಸುಮಾರು ತಿಂಗಳಿಗೊಮ್ಮೆ ಹಳೆಯದರ ಮೇಲೇ ಹೊಸದನ್ನು ಬರೆದುಕೊಳ್ಳುತ್ತದೆ. ನಾನು ಕೇಳುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

ದೂರನ್ನು ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ಗೌರವ ಅಂತ ಸಹೋದ್ಯೋಗಿಯೊಬ್ಬಳು ಹೇಳಿದಳು, ಆದರೆ ಅವರು ಅಂದ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರೆ ಅದರ ವಿಷವೇ ಹೋಗುತ್ತಿತ್ತು. ಮಾತುಗಳನ್ನು ಅಂದ ಹಾಗೇ ಬರೆದೆ, ಬರೆಯಲು ಕೈ ನಡುಗಿದರೂ. ದೂರಿನ ಜೊತೆ ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ, ಎಲ್ಲ ಸೇರಿ ಆರು ಪ್ರತಿ ಕೊಡಬೇಕು, ಇದು ನಿಯಮದಲ್ಲೇ ಇದೆ. ನನ್ನದೊಂದು ಸೇರಿ ಏಳು. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ ಎಲ್ಲವನ್ನೂ ಓದುತ್ತಾನೆ. ಬಸ್ಸು ಹತ್ತಿ ಪಕ್ಕದ ತಾಲ್ಲೂಕಿಗೆ, ಅಕ್ಕನ ಮನೆಗೆ ಹೋಗಿ, ಅಲ್ಲಿನ ಶಾಲೆ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಬಣ್ಣದ ಪ್ರತಿಗಳಾದ್ದರಿಂದ ಸಾವಿರದ ಮೇಲಾಯಿತು.

ಕೊಡುವುದು ಯಾರಿಗೆ? ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಆಂತರಿಕ ಸಮಿತಿಯ ಪಟ್ಟಿ ಇಂಗ್ಲಿಷಿನಲ್ಲಿ ಅಂಟಿಸಿತ್ತು. ಅಧ್ಯಕ್ಷೆ ಅಂತ ಹೆಸರಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್ ಕೆಲಸ ಬಿಟ್ಟು ವರ್ಷವಾಗಿತ್ತು. ಹೊರಗಿನ ಸದಸ್ಯೆಯ ನಂಬರ್ ಚಾಲ್ತಿಯಲ್ಲಿರಲಿಲ್ಲ. ಎಚ್‌ಆರ್‌ಗೆ ಕೊಡಲು ಹೋದರೆ, "ಬರೆದು ಯಾಕೆ ಕೊಡ್ತೀರಾ ಮೇಡಂ, ಕೂತು ಮಾತಾಡಿ ಮುಗಿಸೋಣ. ಅವರೂ ಸಂಸಾರಸ್ಥರು" ಅಂದರು. ಸ್ವೀಕೃತಿ ಸೀಲು ಹಾಕಲು ಒಪ್ಪಲಿಲ್ಲ.

ಮಾತಾಡಿ ಮುಗಿಸುವ ದಾರಿ ಕಾಯ್ದೆಯಲ್ಲಿ ಇದೆ, ಆದರೆ ಅದನ್ನು ಕೇಳಬೇಕಾದವಳು ದೂರು ಕೊಟ್ಟವಳು. ಎಚ್‌ಆರ್ ಆಗಲಿ, ಮ್ಯಾನೇಜರ್ ಆಗಲಿ ಅಲ್ಲ. ಹಣದ ಮೇಲಿನ ರಾಜಿಗಂತೂ ಅವಕಾಶವೇ ಇಲ್ಲ. ನಾನು ಬೇಡ ಅಂದೆ. ಅದೇ ದಿನ ದೂರನ್ನು ಆಸ್ಪತ್ರೆಯ ಆಡಳಿತ ನಿರ್ದೇಶಕರಿಗೂ ಎಚ್‌ಆರ್‌ಗೂ ಇಮೇಲ್ ಮಾಡಿ, ಪ್ರತಿಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆಯನ್ನು ಪ್ರಿಂಟ್ ತೆಗೆದಿಟ್ಟೆ. ಜೊತೆಗಿನ ಪತ್ರದಲ್ಲಿ ವಕೀಲೆ ಬರೆಸಿದ ಒಂದು ಸಾಲಿತ್ತು: ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಸಮಿತಿ ಇಲ್ಲದಿದ್ದರೆ 26ನೇ ಸೆಕ್ಷನ್ ಪ್ರಕಾರ 50 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಅದೇ ತಪ್ಪಾದರೆ ದುಪ್ಪಟ್ಟು, ಪರವಾನಗಿಗೂ ಕುತ್ತು. ನನ್ನ ನೋವಿನ ಹತ್ತು ಪುಟಕ್ಕೆ ಅಲುಗಾಡದ ಆಡಳಿತ ಈ ಒಂದು ಸಾಲಿಗೆ ಎದ್ದು ಕೂತಿತು. ಕೆಲವೇ ವಾರಗಳಲ್ಲಿ ಹೊಸ ಸಮಿತಿ ಬಂತು. ಅಧ್ಯಕ್ಷೆಯಾಗಿ ಹಿರಿಯ ವೈದ್ಯೆ, ಸಿಬ್ಬಂದಿಯಿಂದ ಇಬ್ಬರು, ಹೊರಗಿನಿಂದ ಮಹಿಳಾ ಸಂಘಟನೆಯೊಂದರ ಸದಸ್ಯೆ. ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಲೇಬೇಕು. ನಿಮ್ಮಲ್ಲಿ ಹಾಗಿಲ್ಲದಿದ್ದರೆ ಮೊದಲ ದಿನವೇ ಬರವಣಿಗೆಯಲ್ಲಿ ಆಕ್ಷೇಪಿಸಿ.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್ಕು, ಇಲ್ಲವೇ ಮಾಲೀಕನ ಮೇಲೇ ದೂರು ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಕೇಂದ್ರದ ಶೀ-ಬಾಕ್ಸ್ ಜಾಲತಾಣದಲ್ಲೂ ದೂರು ಹಾಕಬಹುದು. ಅದು ಕೊನೆಗೆ ಬಂದು ಸೇರುವುದು ಇದೇ ಸಮಿತಿಗಳಿಗೆ.

ದೂರಿನ ಪ್ರತಿ ಏಳು ಕೆಲಸದ ದಿನಗಳೊಳಗೆ ಎದುರಿನವರಿಗೆ ಹೋಗಬೇಕು, ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಅವರ ಕೈಗೆ ಪ್ರತಿ ಸೇರಿದ್ದು ಯಾವತ್ತು ಅಂತ ನನಗೆ ಯಾರೂ ಹೇಳಬೇಕಾಗಲಿಲ್ಲ. ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬಂದು ಕೂರಲಿಲ್ಲ. ಸಂಜೆಯೊಳಗೆ ಅಕೌಂಟ್ಸ್ ವಿಭಾಗದವರಿಗೂ ಗೊತ್ತಾಗಿತ್ತು. ಗೋಪ್ಯತೆ ಮುರಿದವರಿಗೆ 5,000 ರೂಪಾಯಿ ದಂಡ ಅಂತ ನಿಯಮವಿದೆ, ಯಾರು ಮುರಿದರು ಅಂತ ಸಾಬೀತು ಮಾಡುವವರಾರು? ಆದರೂ ಅಧ್ಯಕ್ಷೆಗೆ ಬರೆದು ಕೊಟ್ಟೆ, ಆಮೇಲೆ ಮಾತು ತುಸು ತಗ್ಗಿತು.

ಆ ವಾರ ನನಗೆ ನಿದ್ದೆ ಬರುತ್ತಿರಲಿಲ್ಲ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಒಂದು ರಾತ್ರಿ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಹಣವಿಲ್ಲ. ಆಮೇಲೆ ಒಬ್ಬ ಆಪ್ತಸಮಾಲೋಚಕರ ಬಳಿ ಹೋಗತೊಡಗಿದೆ, ಬೇರೆ ಆಸ್ಪತ್ರೆಯಲ್ಲಿ. ರಸೀದಿ ಇಟ್ಟುಕೊಳ್ಳಿ ಅಂತ ವಕೀಲೆ ಹೇಳಿದ್ದರು. ಪರಿಹಾರ ಲೆಕ್ಕ ಹಾಕುವಾಗ ಚಿಕಿತ್ಸೆಯ ಖರ್ಚು, ಮಾನಸಿಕ ನೋವು, ಕೆಲಸದಲ್ಲಾದ ನಷ್ಟ ಮೂರನ್ನೂ ನೋಡಬೇಕು ಅಂತ ಕಾಯ್ದೆಯಲ್ಲಿದೆ.

ವಿಚಾರಣೆ ಮುಗಿಯುವವರೆಗಿನ ತಾತ್ಕಾಲಿಕ ಪರಿಹಾರವನ್ನು ಬಾಯಲ್ಲಿ ಕೇಳಿದರೆ ಆಗುವುದಿಲ್ಲ, ಬರೆದು ಕೊಡಬೇಕು. ಆಡಳಿತದವರು ನನ್ನನ್ನೇ ಇನ್ನೊಂದು ಶಾಖೆಗೆ ಕಳಿಸುವ ಮಾತಾಡಿದರು. ನಾನೇ ಕೇಳಿಕೊಂಡರೆ ಅದು ಪರಿಹಾರ. ಕೇಳದೇ ಕಳಿಸಿದರೆ ಅದು ಶಿಕ್ಷೆ. ನಾನು ಕೇಳಿದ್ದು ಎರಡು: ನನ್ನ ಅಪ್ರೈಸಲ್ಲನ್ನೂ ಡ್ಯೂಟಿ ಚಾರ್ಟನ್ನೂ ಬೇರೆಯವರು ಮಾಡಬೇಕು, ಸ್ವಲ್ಪ ದಿನ ರಜೆ ಬೇಕು. ಎರಡೂ ಸಿಕ್ಕವು. ಮೂರು ತಿಂಗಳವರೆಗೆ ರಜೆ ಕೊಡಬಹುದು, ಅದು ನಮ್ಮ ಮಾಮೂಲಿ ರಜೆಯಿಂದ ಕಳೆಯುವಂತಿಲ್ಲ. ಆದರೆ "ಸಂಬಳ ಸಹಿತ" ಅನ್ನುವುದು ಆ ಸೆಕ್ಷನ್ನಿನಲ್ಲಿ ಬರೆದಿಲ್ಲ. ತಿಂಗಳ ಕೊನೆಗೆ ಸಂಬಳ ಕಡಿದು ಬಂದಾಗಲೇ ಇದು ನನಗೆ ಗೊತ್ತಾದದ್ದು. ಕಂತಿಗೆ ಅಕ್ಕನ ಹತ್ತಿರ ಕೈಗಡ ತಂದೆ. ಸಮಿತಿಯ ಶಿಫಾರಸಿನಲ್ಲೇ ಸಂಬಳದ ಮಾತನ್ನು ಸೇರಿಸಿಕೊಳ್ಳಿ. ಆಮೇಲೆ ಪೇರೋಲ್‌ನವರ ಹಿಂದೆ ಅಲೆಯುವುದಕ್ಕಿಂತ ಅದು ಲೇಸು.

ವಿಚಾರಣೆ ನಡೆದದ್ದು ಕಾನ್ಫರೆನ್ಸ್ ಹಾಲಿನಲ್ಲಿ. ಎರಡೂ ಕಡೆ ವಕೀಲರು ಬರುವಂತಿಲ್ಲ. ಅಧ್ಯಕ್ಷೆ ಸೇರಿ ಮೂವರಾದರೂ ಇದ್ದರೆ ಮಾತ್ರ ಸಭೆ. ಮ್ಯಾನೇಜರ್ ಎದುರಿಗೆ ಕೂರಲು ನನಗಾಗುವುದಿಲ್ಲ ಅಂತ ಮೊದಲೇ ಬರೆದಿದ್ದೆ. ಅವರ ಪ್ರಶ್ನೆಗಳು ಬರವಣಿಗೆಯಲ್ಲಿ ಬಂದವು, ಅಧ್ಯಕ್ಷೆ ಓದಿದರು, ನಾನು ಉತ್ತರಿಸಿದೆ. ಬಹುಪಾಲು ಪ್ರಶ್ನೆ ಒಂದೇ ಅರ್ಥದವು: ಆಗಲೇ ಯಾಕೆ ಹೇಳಲಿಲ್ಲ, ಜನ್ಮದಿನಕ್ಕೆ ಶುಭಾಶಯ ಯಾಕೆ ಕಳಿಸಿದಿರಿ. ಸಿಬ್ಬಂದಿ ಸದಸ್ಯರೊಬ್ಬರು ತಾವೇ ಕೇಳಿದರು, "ಅವರ ಮೆಸೇಜಿಗೆ ನೀವು ಸ್ಮೈಲಿ ಹಾಕಿದ್ದೀರಲ್ಲಮ್ಮಾ?"

"ನನ್ನ ಅಪ್ರೈಸಲ್ ಅವರ ಕೈಯಲ್ಲಿತ್ತು ಸಾರ್" ಅಂದೆ. ಹೊರಗಿನ ಸದಸ್ಯೆ ತಕ್ಷಣ, "ಇದನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ" ಅಂದರು. ಆ ಮಾತು ವರದಿಯ ತನಕ ಉಳಿಯಿತು.

ನಡಾವಳಿಗೆ ಸಹಿ ಹಾಕುವ ಮುಂಚೆ ಪ್ರತಿ ಸಾಲು ಓದಿ. ನನ್ನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. "ಮೊದಲು ಮೇಲಧಿಕಾರಿ ಅಂತ ಮಾತಾಡುತ್ತಿದ್ದೆ" ಅಂದದ್ದು ಅಲ್ಲಿ "ಇಬ್ಬರಿಗೂ ಸ್ನೇಹವಿತ್ತೆಂದು ಒಪ್ಪಿದರು" ಅಂತಾಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಟೈಪಿಸ್ಟಿನ ಇಂಗ್ಲಿಷ್ ಅಷ್ಟೇ ಇತ್ತು. ಆದರೆ ಆ ಒಂದು ಸಾಲು ನನ್ನ ಪ್ರಕರಣವನ್ನೇ ಮಗುಚುತ್ತಿತ್ತು. ತಿದ್ದಿಸಿ, ಇನ್ನು ಮುಂದೆ ನನ್ನ ಹೇಳಿಕೆ ಕನ್ನಡದಲ್ಲೇ ಇರಲಿ ಅಂತ ಕೇಳಿದೆ. ದೂರು ಇಂಥ ಭಾಷೆಯಲ್ಲೇ ಇರಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಬರೆಯಲು ಬಾರದವಳಿದ್ದರೆ ಬರೆಯಲು ನೆರವಾಗುವುದೇ ಸಮಿತಿಯ ಕರ್ತವ್ಯ.

ಸಾಕ್ಷಿಗಳ ವಿಷಯದಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ಪಕ್ಕದ ಕೌಂಟರಿನವಳು ಎಲ್ಲವನ್ನೂ ನೋಡಿದ್ದಳು, "ನಾನಿದ್ದೀನಿ ಕಣೇ" ಅಂದಿದ್ದಳು. ಹಿಂದಿನ ರಾತ್ರಿ ಫೋನ್ ಮಾಡಿ, ಗಂಡನ ಮನೆಯಲ್ಲಿ ಬೇಡ ಅಂತಿದ್ದಾರೆ ಅಂದಳು. ಅವಳ ಮೇಲೆ ಸಿಟ್ಟು ಬಂದದ್ದು ನಿಜ, ಈಗ ಅಷ್ಟಿಲ್ಲ. ಬಂದವರು ನಾನು ಹೆಸರು ಬರೆಯಲೂ ಹಿಂಜರಿದಿದ್ದ ಆಯಾ, ಏಜೆನ್ಸಿ ಕೆಲಸದವರು, ನಾಳೆ ಬರಬೇಡ ಅಂದರೆ ಕೇಳುವವರಿಲ್ಲ. "ನಾನು ನೆಲ ಒರಸ್ತಿದ್ದೆ. ನೆಲ ಒರಸೋರು ಯಾರ ಕಣ್ಣಿಗೂ ಕಾಣಲ್ಲ ಸ್ವಾಮಿ, ಆದ್ರೆ ನಮಗೆಲ್ಲಾ ಕಾಣ್ತದೆ" ಅಂತ ಶುರುಮಾಡಿದರಂತೆ. ಮಾತು ಆಡಿದ್ದನ್ನು, ನಾನು ಕುರ್ಚಿ ಸರಿಸಿ ಎದ್ದದ್ದನ್ನು ಹೇಳಿದರು. ಕೈ ತಾಗಿದ್ದು ನೋಡಿದಿರಾ ಅಂದದ್ದಕ್ಕೆ, ಅದು ನಾ ಕಾಣೆ ಅಂದರು. ಹೊರಗೆ ಬಂದು ನನಗೂ ಹೇಳಿದರು, "ಕಂಡಿದ್ದಷ್ಟೇ ಹೇಳೀವ್ನಿ ಕಣವ್ವ, ಬೇಜಾರು ಮಾಡ್ಕೋಬ್ಯಾಡ." ಒಳಗಿನ ಮಾತನ್ನು ಹೊರಗೆ ಹೇಳಬಾರದು ಅನ್ನುವುದು ಅವರಿಗೆ ಯಾರೂ ತಿಳಿಸಿರಲಿಲ್ಲ. ಅವರು ಅಷ್ಟೇ ಹೇಳಿದ್ದರಿಂದಲೇ ಸಮಿತಿ ಅವರನ್ನು ನಂಬಿತು ಅಂತ ನನ್ನ ಅನಿಸಿಕೆ.

ಈ ನಡುವೆ ಎದುರಿನವರ ಉತ್ತರ ಬಂತು. ನನ್ನ ಕೌಂಟರಿನಲ್ಲಿ ಹಿಂದೊಮ್ಮೆ ಹಣ ಕಡಿಮೆ ಬಂದದ್ದನ್ನು ಅವರು ಪ್ರಶ್ನಿಸಿದ್ದರಂತೆ, ಆ ಸಿಟ್ಟಿಗೆ ಸುಳ್ಳು ದೂರಂತೆ, 14ನೇ ಸೆಕ್ಷನ್ ಪ್ರಕಾರ ನನ್ನ ಮೇಲೇ ಕ್ರಮ ಆಗಬೇಕಂತೆ. ಓದಿ ಕೈಕಾಲು ತಣ್ಣಗಾಯಿತು. ವಕೀಲೆ ಅದೇ ಸೆಕ್ಷನ್ನಿನ ಮುಂದಿನ ಸಾಲನ್ನು ಓದಿಸಿದರು: ದೂರನ್ನು ರುಜುವಾತು ಮಾಡಲಾಗಲಿಲ್ಲ ಎಂಬ ಕಾರಣಕ್ಕೇ ಕ್ರಮ ಕೈಗೊಳ್ಳುವಂತಿಲ್ಲ. ದುರುದ್ದೇಶ ಇತ್ತು ಅಂತ ಬೇರೆಯದೇ ವಿಚಾರಣೆಯಲ್ಲಿ ತೀರ್ಮಾನವಾಗಬೇಕು. ಈ ಸೆಕ್ಷನ್ನನ್ನು ತೋರಿಸಿ ಎಷ್ಟು ಜನರನ್ನು ಹೆದರಿಸಿ ಕೂರಿಸಿದ್ದಾರೋ.

ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ನನ್ನದು ಮುಗಿಯಲಿಲ್ಲ. ದಸರಾ ರಜೆ, ಅಧ್ಯಕ್ಷೆಯ ಕಾನ್ಫರೆನ್ಸು, ಮ್ಯಾನೇಜರ್ ಅವರ ಜ್ವರ. ಕಾರಣವಿಲ್ಲದೆ ಸತತ ಮೂರು ಸಲ ಬಾರದಿದ್ದರೆ, 15 ದಿನ ಮೊದಲು ನೋಟಿಸ್ ಕೊಟ್ಟು, ಗೈರಿನಲ್ಲೇ ತೀರ್ಮಾನಿಸಬಹುದು. ಅವರು ಲೆಕ್ಕ ಹಾಕಿದವರಂತೆ ಎರಡು ತಪ್ಪಿಸಿ ಮೂರನೆಯದಕ್ಕೆ ಬರುತ್ತಿದ್ದರು. ಗಡುವು ದಾಟಿದ ಮೇಲೆ ವಾರಕ್ಕೊಂದು ಇಮೇಲ್, ಸಿಟ್ಟಿಲ್ಲದೆ, ಎರಡೇ ಸಾಲು: ಇವತ್ತಿಗೆ ಇಷ್ಟು ದಿನವಾಯಿತು, ಮುಂದಿನ ಸಭೆ ಯಾವಾಗ ತಿಳಿಸಿ. ಅದಕ್ಕೆ ಹೊರಗಿನ ಸದಸ್ಯೆಯನ್ನೂ ಸೇರಿಸುತ್ತಿದ್ದೆ.

ವರದಿ ಅಂತಿಮವಾಗುವ ಮೊದಲು ಸಮಿತಿ ತಾನು ಕಂಡುಕೊಂಡದ್ದರ ಪ್ರತಿಯನ್ನು ಇಬ್ಬರಿಗೂ ಕೊಟ್ಟು ಆಕ್ಷೇಪಕ್ಕೆ ಅವಕಾಶ ಕೊಡಬೇಕು. ನಮ್ಮ ಸಮಿತಿಯವರು ಇದನ್ನು ಮರೆತಿದ್ದರು, ಕೇಳಿ ಪಡೆದೆ. ಮೆಸೇಜು, ಮಾತು, ಡ್ಯೂಟಿ ಚಾರ್ಟಿನ ಹಗೆ ಸಾಬೀತು. ಮೈ ಮುಟ್ಟಿದ್ದಕ್ಕೆ ಸಾಕ್ಷ್ಯ ಸಾಲದು. ಆ ಭಾಗದ ಮೇಲೆ ಎರಡು ಪುಟ ಬರೆದೆ. ಇಲ್ಲಿ ಕ್ರಿಮಿನಲ್ ಕೋರ್ಟಿನ ಅಳತೆ ಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಅನ್ನುವುದು ಸಾಕು ಅಂತ. ತೀರ್ಮಾನ ಬದಲಾಗಲಿಲ್ಲ. ನನ್ನ ಆಕ್ಷೇಪ ವರದಿಯ ಜೊತೆ ಸೇರಿದೆ, ಅಷ್ಟೇ.

ಶಿಫಾರಸು ಬಂದ ಮೇಲೆ ಆಡಳಿತಕ್ಕೆ 60 ದಿನ ಸಮಯ. ಅದರ ಕೊನೆಯ ವಾರದಲ್ಲಿ ಆದೇಶ ಬಂತು: ಲಿಖಿತ ಕ್ಷಮಾಪಣೆ, ಇನ್‌ಕ್ರಿಮೆಂಟ್ ತಡೆ, ಅವರಿಗೆ ಆಪ್ತಸಮಾಲೋಚನೆ, ನಮ್ಮ ವಿಭಾಗದ ಮೇಲ್ವಿಚಾರಣೆಯಿಂದ ಬಿಡುಗಡೆ, ನನ್ನ ಚಿಕಿತ್ಸೆಯ ಖರ್ಚು ಮತ್ತು ಕಡಿದ ಸಂಬಳ ಅವರ ವೇತನದಿಂದ. ಕೆಲಸದಿಂದ ತೆಗೆಯುತ್ತಾರೆ ಅಂತ ನಮ್ಮವರು ಕಾದಿದ್ದರು. ನನಗೆ ಅಂದು ಸಮಾಧಾನಕ್ಕಿಂತ ಹೆಚ್ಚು ಸುಸ್ತಾಗಿತ್ತು. ಊಟ ಮಾಡದೆ ಮಲಗಿದೆ.

ಪೊಲೀಸ್ ದೂರು ಯಾಕೆ ಕೊಡಲಿಲ್ಲ ಅಂತ ಕೇಳುವವರಿಗೆ: ಅದು ಬೇರೆಯ ದಾರಿ, ಎರಡನ್ನೂ ಒಟ್ಟಿಗೆ ಹಿಡಿಯಬಹುದು, ಬಯಸಿದವಳಿಗೆ ನೆರವು ಕೊಡುವುದು ಸಂಸ್ಥೆಯ ಹೊಣೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್. ಲೈಂಗಿಕ ಧಾಟಿಯ ಮಾತಿಗೆ ಒಂದು ವರ್ಷದವರೆಗೆ, ಮೈ ಮುಟ್ಟಿದರೆ ಮೂರು ವರ್ಷದವರೆಗೆ ಜೈಲು ಇದೆ. ನನಗೆ ಕೋರ್ಟಿಗೆ ಅಲೆಯುವ ಶಕ್ತಿ ಇರಲಿಲ್ಲ. ನಿಮಗಿದ್ದರೆ, ಅಥವಾ ನಡೆದದ್ದು ಇದಕ್ಕಿಂತ ಭೀಕರವಾಗಿದ್ದರೆ, ಸಮಿತಿಗಾಗಿ ಕಾಯಬೇಡಿ. ತುರ್ತಿಗೆ 112 ಇದೆ, ಮಹಿಳಾ ಸಹಾಯವಾಣಿ 181 ಇದೆ, ಜಿಲ್ಲೆಯ ಸಖಿ ಕೇಂದ್ರದಲ್ಲಿ ಪೊಲೀಸ್, ವೈದ್ಯಕೀಯ, ಕಾನೂನು ಮೂರೂ ನೆರವು ಒಂದೇ ಕಡೆ ಸಿಗುತ್ತದೆ.

ಶಿಫಾರಸಿನಿಂದ 90 ದಿನದೊಳಗೆ ಇಬ್ಬರಲ್ಲಿ ಯಾರು ಬೇಕಾದರೂ ಮೇಲ್ಮನವಿ ಹಾಕಬಹುದು. ನಾನು ಹಾಕುವುದಿಲ್ಲ. ಅವರ ಗಡುವು ಇನ್ನೂ ಮುಗಿದಿಲ್ಲ, ಹಾಕುತ್ತಾರೆ ಅಂತ ಸುದ್ದಿ ಇದೆ. ಚಿಕಿತ್ಸೆಯ ಹಣ ಬಂತು, ಸಂಬಳದ ಬಾಕಿ "ಮುಂದಿನ ತಿಂಗಳು" ಅಂತಿದ್ದಾರೆ. ಅದಕ್ಕೂ ವಾರಕ್ಕೊಂದು ಎರಡು ಸಾಲಿನ ಇಮೇಲ್ ನಡೆಯುತ್ತಿದೆ.